ಪೊರೆಯೊಳಗಿನ ಸುರುಳಿಗಳು



ಮುಸ್ಸಂಜೆಯ ಮಬ್ಬಿನಲ್ಲೂ ಮಂಜೇಶ್ವರದ ಕಡಲು ನಮಗೆ ಕಾಣುವುದು ಕಣ್ಣಿನ ರೊಡಾಪ್ಸಿನ್ ಎಂಬ ಪ್ರೋಟೀನಿನಿಂದ. ಅದರ ಏಳು ಸುರುಳಿಗಳು ದೃಷ್ಟಿಕೋಶದ ಪೊರೆಯ ಕೊಬ್ಬಿನ ಪದರವನ್ನು ಹಾಯ್ದು ನಿಂತಿವೆ. ಪ್ರೋಟೀನಿನ ಸರಪಳಿಗೆ ನೀರಿನ ನಂಟು ಬೇಕು, ಕೊಬ್ಬಿನಲ್ಲಿ ನೀರೆಲ್ಲಿ? ಸುರುಳಿಯಾದಾಗ ಅದು ಹೈಡ್ರೋಜನ್ ಬಂಧಗಳನ್ನು ತನ್ನೊಳಗೇ ಬೆಸೆದುಕೊಳ್ಳುತ್ತದೆ. ಸರಪಳಿಗೆ ಯಾವ ತಿರುವುಗಳು ಸಾಧ್ಯವೆಂಬ ನಕ್ಷೆಯನ್ನು 1963ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದವರು ಎರ್ನಾಕುಳಂನಲ್ಲಿ ಜನಿಸಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಜಿ. ಎನ್. ರಾಮಚಂದ್ರನ್.

ಕೊಬ್ಬಿನ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್. 20 ಅಮೈನೋ ಆಮ್ಲಗಳ ಸುರುಳಿಯ ಉದ್ದವೂ ಅಷ್ಟೇ. ಉದ್ದ ಹೆಚ್ಚಿದರೆ, ತಗ್ಗು ಮಾಡಿನಡಿಯ ಗಳುವಿನಂತೆ, ಸುರುಳಿ ಓರೆಯಾಗುತ್ತದೆ. ಓರೆಯೆಲ್ಲ ದೋಷವಲ್ಲ: ಬೆಳಕು ತಾಗಿದಾಗ ರೊಡಾಪ್ಸಿನ್ನಿನ ಆರನೆಯ ಸುರುಳಿ ಹೊರಕ್ಕೆ ವಾಲಿಯೇ ಸಂದೇಶ ಹೊರಡುವುದು. ಆದರೆ ಕೆಲವೆಡೆ ಒಂದೇ ಅಮೈನೋ ಆಮ್ಲ ಬದಲಾದರೂ ಇರುಳುಗುರುಡು ತೊಡಗಿ, ಕ್ರಮೇಣ ದೃಷ್ಟಿಯೇ ಕುಂದೀತು. ಮಬ್ಬಿನಲ್ಲಿ ಎಡವುವ ಮಗುವನ್ನು ನಾವು ಗದರದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು.