ಧರ್ಮದರ್ಶಿಯ ಲೆಕ್ಕ, ನಮ್ಮ ಹಕ್ಕು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಾವು ಓದುವಾಗ ಇದ್ದ ಹಾಸ್ಟೆಲೊಂದರ ಬಾಗಿಲ ಪಕ್ಕ ಒಂದು ಕಲ್ಲು ನೆಟ್ಟಿದ್ದರು. ಅದರ ಮೇಲೆ ದಾನಿಗಳ ಹೆಸರು, ಕೆಳಗೆ ಧರ್ಮದರ್ಶಿಗಳ ಹೆಸರು. ಯಾರಿಗಾಗಿ ಆ ಕಟ್ಟಡ ಕಟ್ಟಿದ್ದೋ ಅವರ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಒಂದು ವರ್ಷ ಸಾರು ನೀರಾಯಿತು, ಮುದ್ದೆ ಅರ್ಧವಾಯಿತು. ನಾವು ನಾಲ್ಕು ಜನ ಹೋಗಿ ಲೆಕ್ಕ ಕೇಳಿದೆವು. "ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ತೀರೇನ್ರೋ?" ಅಂದರು ಧರ್ಮದರ್ಶಿಗಳು. ತಲೆ ತಗ್ಗಿಸಿಕೊಂಡು ಬಂದೆವು. ಅವತ್ತಿನ ಹಸಿವು ಮರೆತುಹೋಗಿದೆ. ತಲೆ ತಗ್ಗಿಸಿದ್ದು ಮಾತ್ರ ಇವತ್ತಿಗೂ ಸುಡುತ್ತೆ.

ಯಾಕೆ ತಗ್ಗಿಸಿದೆವು? ಅವರು ಕೊಡೋರು, ನಾವು ಇಸ್ಕೊಳ್ಳೋರು ಅಂತ ನಂಬಿದ್ದೆವು. ಆ ನಂಬಿಕೆಯೇ ತಪ್ಪು ಅಂತ ಹೇಳೋದಕ್ಕೆ ಇವತ್ತು ನಿಮ್ಮ ಮುಂದೆ ನಿಂತಿದ್ದೇವೆ.

ಟ್ರಸ್ಟಿ ಅಂದರೆ ಯಾರು? ದಾನಿಯಲ್ಲ. ಧಣಿಯೂ ಅಲ್ಲ. ಕಾಗದದಲ್ಲಿ ಆಸ್ತಿ ಅವನ ಹೆಸರಲ್ಲಿರಬಹುದು, ಆದರೆ ಅದರ ಫಲ ಇನ್ನೊಬ್ಬರದು. ಆ ಇನ್ನೊಬ್ಬರನ್ನು ಕಾನೂನು ಫಲಾನುಭವಿ ಅಂತ ಕರೆಯುತ್ತೆ. ಬಡ ಮಕ್ಕಳಿಗಾಗಿ ಕಟ್ಟಿದ ಹಾಸ್ಟೆಲಿನಲ್ಲಿ ಆ ಫಲಾನುಭವಿ ನಾವೇ. ಟ್ರಸ್ಟಿ ಹೊಲದ ಬೇಲಿ, ಬೆಳೆ ನಮ್ಮದು. ಬೇಲಿಯೇ ಎದ್ದು ಹೊಲ ಮೇಯಬಾರದು ಅಂತಲೇ ಕಾನೂನು ಹುಟ್ಟಿದ್ದು.

1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದನ್ನು ಬಿಡಿಸಿ ಹೇಳುತ್ತೆ. ಆ ಕಾಯ್ದೆ ನೇರವಾಗಿ ಅನ್ವಯಿಸೋದು ಖಾಸಗಿ ಟ್ರಸ್ಟುಗಳಿಗೆ. ಆದರೂ ಸಾರ್ವಜನಿಕ ಧರ್ಮಾದಾಯಗಳ ವಿಚಾರದಲ್ಲೂ ಕೋರ್ಟುಗಳು ಅದೇ ತತ್ವಗಳನ್ನು ಹಿಡಿಯುತ್ತಾ ಬಂದಿವೆ. ಟ್ರಸ್ಟಿ ಮಾಡಬೇಕಾದ್ದೇನು? ಟ್ರಸ್ಟ್ ಪತ್ರದಲ್ಲಿ ಬರೆದ ಉದ್ದೇಶವನ್ನು ನಡೆಸಬೇಕು. ಆಸ್ತಿ ಏನೇನಿದೆ ಅಂತ ತಿಳಿದುಕೊಂಡಿರಬೇಕು. ವಿವೇಕವುಳ್ಳವನು ಸ್ವಂತ ಆಸ್ತಿಯನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ಅದನ್ನು ಕಾಯಬೇಕು. ಫಲಾನುಭವಿಗಳಲ್ಲಿ ಇವನು ನಮ್ಮವನು, ಅವನು ಹೊರಗಿನವನು ಅಂತ ಪಂಕ್ತಿಭೇದ ಮಾಡಕೂಡದು.

19ನೇ ಕಲಂ ನೆನಪಿಡಿ. ಟ್ರಸ್ಟಿ ಲೆಕ್ಕವನ್ನು ಸ್ಪಷ್ಟವಾಗಿ, ಸರಿಯಾಗಿ ಇಡಬೇಕು. ಫಲಾನುಭವಿ ಕೇಳಿದಾಗ ಮಾಹಿತಿ ಕೊಡಬೇಕು. ನಾವು ನಾಲ್ಕು ಜನ ಅವತ್ತು ಕೇಳಿದ್ದು ಎಮ್ಮೆಯ ಹಲ್ಲನ್ನಲ್ಲ, ಈ ಲೆಕ್ಕವನ್ನು.

ಮಾಡಬಾರದ್ದೇನು? ಟ್ರಸ್ಟ್ ಪತ್ರದಲ್ಲಿ ಹೇಳದಿದ್ದರೆ ಟ್ರಸ್ಟಿ ತನ್ನ ಕೆಲಸಕ್ಕೆ ಸಂಬಳ ಎತ್ತುವಂತಿಲ್ಲ. ಟ್ರಸ್ಟಿನ ಆಸ್ತಿಯಿಂದ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ. ಒಮ್ಮೆ ಹೊಣೆ ಒಪ್ಪಿಕೊಂಡ ಮೇಲೆ ಮನಸ್ಸಿಗೆ ಬಂದಂತೆ ಅದನ್ನು ಮಗನಿಗೋ ಅಳಿಯನಿಗೋ ದಾಟಿಸಿ ಮನೇಲಿ ಕೂರುವಂತಿಲ್ಲ. ಮಳಿಗೆಯನ್ನು ನೆಂಟನಿಗೆ ಅರ್ಧ ಬಾಡಿಗೆಗೆ ಕೊಟ್ಟು ಟ್ರಸ್ಟಿಗೆ ನಷ್ಟ ಮಾಡಿದರೆ ಕೈಯಿಂದ ತುಂಬಿಕೊಡಬೇಕು. ಜೇನು ಕಿತ್ತವನು ಕೈ ನೆಕ್ಕದೆ ಇರ್ತಾನಾ ಅಂತ ಊರಲ್ಲಿ ಅಂತಾರೆ. ನೆಕ್ಕಬಾರದು ಅಂತ ಕಾನೂನು ಅನ್ನುತ್ತೆ.

ಈಗ ಸ್ವಲ್ಪ ಚರಿತ್ರೆ. ಟ್ರಸ್ಟಿ ಅನ್ನೋ ಮಾತಿಗೆ ನಮ್ಮ ದೇಶದಲ್ಲಿ ದೊಡ್ಡ ಹೆಸರು ತಂದವರು ಗಾಂಧೀಜಿ. ಇಂಗ್ಲಿಷ್ ಕಾನೂನು ಓದಿದ್ದರಿಂದ ಆ ಮಾತಿನ ಅರ್ಥ ತಮಗೆ ತಿಳಿಯಾಯಿತು ಅಂತ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಶ್ರೀಮಂತ ತನ್ನ ಸಂಪತ್ತಿಗೆ ಸಮಾಜದ ಟ್ರಸ್ಟಿಯಂತೆ ಇರಲಿ ಅಂದರು. ಆದರೆ ಅವರು ಭಾರ ಹಾಕಿದ್ದು ಹೆಚ್ಚಾಗಿ ಶ್ರೀಮಂತನ ಮನಸ್ಸಿನ ಮೇಲೆ. ಮನಸ್ಸು ಬದಲಾಗದಿದ್ದರೆ ಬಡವ ಯಾರ ಬಾಗಿಲು ತಟ್ಟಬೇಕು? ಕಾನೂನಿನ ಟ್ರಸ್ಟಿಗೆ ಮೇಲೊಂದು ಕೋರ್ಟು ಇದೆ. ಧರ್ಮದ ಟ್ರಸ್ಟಿಗೆ ಅವನ ಆತ್ಮಸಾಕ್ಷಿ ಒಂದೇ.

1932ರಲ್ಲಿ ಹುಟ್ಟಿ ಮುಂದೆ ಹರಿಜನ ಸೇವಕ ಸಂಘ ಅಂತ ಹೆಸರಾದ ಸಂಸ್ಥೆಯಲ್ಲಿ ಇದೇ ಪ್ರಶ್ನೆ ಎದ್ದಿತು. ನಮ್ಮವರಿಗಾಗಿ ನಡೆಯುವ ಸಂಘದ ಆಡಳಿತದಲ್ಲಿ ನಮಗೂ ಜಾಗ ಬೇಕು ಅಂತ ನಮ್ಮವರು ಕೇಳಿದರು. ಇದು ಸವರ್ಣರು ಮಾಡಿಕೊಳ್ಳುವ ಪ್ರಾಯಶ್ಚಿತ್ತ, ಆದ್ದರಿಂದ ನಡೆಸುವವರೂ ಅವರೇ ಅನ್ನೋ ಅರ್ಥದ ಉತ್ತರ ಬಂತು. ಬಾಬಾಸಾಹೇಬರು ಆ ಸಂಸ್ಥೆಯಿಂದ ಹೊರಬಂದರು. 1945ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬಯಲಿಗಿಟ್ಟರು. ಅದೇ ವರ್ಷ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಇನ್ನೊಬ್ಬರ ಪ್ರಾಯಶ್ಚಿತ್ತಕ್ಕಾಗಿ ನಾವು ಕಾಯುತ್ತಾ ಕೂರಲಾರೆವು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಉತ್ತರ ಬೇಕೇ?

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ಟ್ರಸ್ಟ್ ಪತ್ರ ಓದಿ. ಜಮೀನು, ಕಟ್ಟಡ ಸೇರಿಸಿ ನೋಂದಾಯಿಸಿದ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತೆ. ಸಂಸ್ಥೆ ಗಣನೀಯವಾಗಿ ಸರ್ಕಾರದ ದುಡ್ಡಿನಲ್ಲೇ ನಡೀತಾ ಇದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಆಮೇಲೆ ಲಿಖಿತವಾಗಿ ಲೆಕ್ಕ ಕೇಳಿ, ಅರ್ಜಿಯ ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದೆ. ಸಾರ್ವಜನಿಕ ಧರ್ಮಾದಾಯ ಟ್ರಸ್ಟಿನಲ್ಲಿ ಹಿತಾಸಕ್ತಿ ಉಳ್ಳ ಇಬ್ಬರು ಸಾಕು, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಒಪ್ಪಿಸಲು ಹೇಳಿ, ಆಡಳಿತಕ್ಕೆ ಹೊಸ ಯೋಜನೆ ಮಾಡಿ ಅಂತ ಕೇಳಬಹುದು. ದುಡ್ಡನ್ನು ದುರುದ್ದೇಶದಿಂದ ನುಂಗಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅದಕ್ಕೆ ಐದು ವರ್ಷದವರೆಗೆ ಜೈಲು ಹೇಳುತ್ತೆ. ಟ್ರಸ್ಟಿಯ ಕೈಯಲ್ಲಿರುವ ಟ್ರಸ್ಟಿನ ಆಸ್ತಿಯನ್ನು ಬೆನ್ನುಹತ್ತಿ ಹೂಡುವ ದಾವೆಗೆ ಕಾಲಮಿತಿಯೂ ಇಲ್ಲ. 1963ರ ಕಾಲಮಿತಿ ಕಾಯ್ದೆಯ 10ನೇ ಕಲಂ ಹಾಗೆ ಹೇಳುತ್ತೆ. ನಮ್ಮ ಅಪ್ಪಂದಿರು ಕೇಳದೆ ಬಿಟ್ಟ ಲೆಕ್ಕವನ್ನೂ ನಾವು ಕೇಳಬಹುದು.

ಕೋರ್ಟು ಸುಲಭದ ದಾರಿ ಅಂತ ನಾವು ಹೇಳೋದಿಲ್ಲ. ವಕೀಲರ ಫೀಜು, ಅಲೆದಾಟ, ಹಾಸ್ಟೆಲಿಂದ ಹೊರಗೆ ಹಾಕ್ತಾರೆ ಅನ್ನೋ ಭಯ, ಎಲ್ಲ ಇದೆ. ಒಬ್ಬನೇ ಹೋದರೆ ಬೆದರಿಸ್ತಾರೆ. ಆದ್ದರಿಂದ ಇಡೀ ಹಾಸ್ಟೆಲ್ ಸಹಿ ಮಾಡಲಿ.

ಕೊನೆಗೊಂದು ಕಹಿ ಮಾತು, ನಮಗೇ ಹೇಳಿಕೊಳ್ಳುವಂಥದ್ದು. ಸಭೆಯಲ್ಲಿ ಡಬ್ಬಿ ಹಿಡಿದು ಚಂದಾ ಎತ್ತುತ್ತೇವೆ. ಕೂಲಿಗೆ ಹೋಗುವ ಅವ್ವಂದಿರು ಸೆರಗಿನ ಗಂಟು ಬಿಚ್ಚಿ ಕಾಸು ಹಾಕ್ತಾರೆ. ಆ ಕಾಸು ಕೈಗೆ ಬಂದ ಗಳಿಗೆಯಿಂದ ನಾವೂ ಟ್ರಸ್ಟಿಗಳೇ. ಅದರಲ್ಲಿ ಒಂದು ಟೀ ಕುಡಿದರೂ ಬರೆದಿಡಬೇಕು. ಯಾರಾದರೂ ಎದ್ದು ನಿಂತು ಲೆಕ್ಕ ಕೇಳಿದರೆ ಅವರನ್ನು ಚಳವಳಿಯ ವೈರಿ ಅನ್ನಬಾರದು, ಪುಸ್ತಕ ತೆಗೆದು ತೋರಿಸಬೇಕು.

ಇವತ್ತು ಈ ಪತ್ರಿಕೆ ಮಾರಿದ ದುಡ್ಡಿನ ಲೆಕ್ಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೋಗುವಾಗ ನೋಡಿಕೊಂಡು ಹೋಗಿ. ತಪ್ಪಿದ್ದರೆ ಇಲ್ಲೇ ಕೇಳಿ.

ಜೈ ಭೀಮ್.