ಹಬ್ಬದ ಸಂತೆ



ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 1434ರಲ್ಲಿ ಆರಂಭವಾದ ಕ್ರಿಸ್ತಜಯಂತಿಯ ಸಂತೆ ಇಂದಿಗೂ ನೆರೆಯುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಸಂತೆಯಿಲ್ಲ. ಆಗಮನ ಕಾಲದಲ್ಲಿ ನಮ್ಮೂರ ಪೇಟೆಗಳೇ ಹಬ್ಬದ ಸಂತೆಯಾಗುತ್ತವೆ. ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿ ಮಾರಿ, ರಾಣೇಬೆನ್ನೂರಿನಲ್ಲಿ ಮಕ್ಕಳಿಗೆ ಬಟ್ಟೆ ಕೊಳ್ಳುತ್ತೇವೆ. ಕೈ ಸಾಗಿದ ವರ್ಷ ಗೋದಲಿಗೆಂದು ಹಾವೇರಿಯ ಏಲಕ್ಕಿ ಹಾರವನ್ನೂ ತರುತ್ತೇವೆ.

ಒಂದು ವರ್ಷ ಮಳೆ ಕೈಕೊಟ್ಟಿತು. ಬೆಳೆ ಅರ್ಧಕ್ಕಿಳಿಯಿತು. ಮಕ್ಕಳು ಮೂವರು, ಹಣವಿದ್ದುದು ಎರಡು ಜೊತೆ ಬಟ್ಟೆಗೆ ಮಾತ್ರ. ಅಂಗಡಿಯ ಮುಂದೆ ನಾವು ಮೌನವಾಗಿ ನಿಂತಾಗ ಹಿರಿಯ ಮಗಳು, "ಅಪ್ಪಾ, ನನ್ನ ಹಳೇ ಲಂಗ ಇನ್ನೂ ಚಲೋ ಐತಿ. ತಮ್ಮಂದಿರಿಗೆ ಕೊಡಸ್ರಿ" ಎಂದಳು.

ಹಬ್ಬದ ರಾತ್ರಿ ಬಲಿಪೂಜೆಯ ಬಳಿಕ ಅವಳು ಅದೇ ಲಂಗದಲ್ಲಿ ಗೋದಲಿಯ ಮುಂದೆ ಮೊಣಕಾಲೂರಿದಳು. ಬಡವರ ನಡುವೆ ಬಡವನಾಗಿ ಹುಟ್ಟಿದ ಬಾಲಯೇಸುವನ್ನು ನಾವು ಅಂದು ಹೊಸದಾಗಿ ಕಂಡೆವು.

ಪ್ರಿಯರೇ, ಮಕ್ಕಳನ್ನು ಸಂತೆಗೆ ಕರೆದೊಯ್ಯೋಣ. ನಮ್ಮ ಕೈಯಲ್ಲಿ ಎಷ್ಟಿದೆ ಎಂಬುದನ್ನು ಅವರಿಂದ ಮರೆಮಾಡದಿರೋಣ. ಕೊರತೆಯನ್ನು ಅರಿತ ಮಕ್ಕಳು ಹಂಚಿಕೊಳ್ಳುವುದನ್ನೂ ಕಲಿಯುತ್ತಾರೆ. ಕೆಲವೊಮ್ಮೆ ನಮಗೇ ಕಲಿಸುತ್ತಾರೆ.