ಕಥೆಯ ಪೋಲೀಸನೂ ಠಾಣೆಯ ಪೋಲೀಸನೂ

(ಕೊಪ್ಪದಲ್ಲಿ ಕಥೆ ಬರೆಯುವ ಹವ್ಯಾಸವುಳ್ಳ ತರುಣರ ಮುಂದೆ ಮಾಡಿದ ಭಾಷಣ)



ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ಪಂಡಿತರು ಈಗಲೂ ಇದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಶಾಲೆ ಬಿಟ್ಟ ಮೇಲೆ ಪುಸ್ತಕವನ್ನೇ ಮುಟ್ಟದಿದ್ದ ಎಷ್ಟೋ ಮಂದಿಯ ಕೈಗೆ ಮತ್ತೆ ಪುಸ್ತಕ ಕೊಟ್ಟವರು ಎನ್. ನರಸಿಂಹಯ್ಯನವರು. ತಾವೇ ಹೆಚ್ಚು ಶಾಲೆ ಕಾಣದ ಅವರು 500ಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. 2011ರಲ್ಲಿ ಅವರು ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮ ಇನ್ನೂ ಬದುಕಿದ್ದಾನೆ. ಕನ್ನಡ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಆದ್ದರಿಂದ ಈ ಬರವಣಿಗೆ ಕೀಳೆಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ತಕರಾರು ಒಂದೇ. ಇಂಥ ಕಥೆಗಳಲ್ಲಿ ಬರುವ ಪೋಲೀಸನನ್ನು ನಾವು ಯಾವ ಠಾಣೆಯಲ್ಲಾದರೂ ಕಂಡಿದ್ದೇವೆಯೇ?

ಕಥೆಯ ಪೋಲೀಸರಲ್ಲಿ ಎರಡು ಜಾತಿ. ಒಬ್ಬ ದಡ್ಡ, ಪತ್ತೇದಾರನ ಬುದ್ಧಿ ಬೆಳಗಲೆಂದೇ ಹುಟ್ಟಿದವನು. ಇನ್ನೊಬ್ಬ ಶೂರ, ಒಬ್ಬನೇ ಹತ್ತು ಜನರನ್ನು ಹೊಡೆದು ಬೀಳಿಸುವವನು. ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ 1981ರಲ್ಲಿ ‘ಅಂತ’ ಚಿತ್ರ ಬಂತು. ನಮ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅದರಲ್ಲಿ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಆದರು. 1988ರಲ್ಲಿ ಶಂಕರ್‌ನಾಗ್ ‘ಸಾಂಗ್ಲಿಯಾನ’ ಆದರು. ನೋಡಿ ಶಿಳ್ಳೆ ಹಾಕಿದವರು ನಾವೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬರೆಯಲು ಕೂತವನು ಆ ಶೂರನನ್ನೇ ಮತ್ತೆ ಮತ್ತೆ ನಕಲು ಮಾಡುತ್ತಾ ಹೋದರೆ ನಷ್ಟ ಯಾರಿಗೆ? ಅದನ್ನೇ ನಾನು ಹೇಳಬೇಕೆಂದಿರುವುದು.

ಒಂದು ಕಥೆ ಕಟ್ಟೋಣ. ಬೆಲ್ಲದ ಮಂಡಿಯಲ್ಲಿ ಗಲ್ಲದ ಪೆಟ್ಟಿಗೆ ಖಾಲಿಯಾಗಿದೆ. ಸಾಹುಕಾರನಿಗೆ ಹಮಾಲಿಯ ಮೇಲೆ ಅನುಮಾನ. ಇನ್ಸ್‌ಪೆಕ್ಟರು ಬಂದು ಎರಡು ಬಿಗಿಯುತ್ತಾನೆ, ಹಮಾಲಿ ಒಪ್ಪಿಕೊಳ್ಳುತ್ತಾನೆ, ಕಥೆ ಮುಗಿಯಿತು. ಓದಿದವನು ಕಲಿತ ಪಾಠವೇನು? ಹೊಡೆದರೆ ನಿಜ ಹೊರಬೀಳುತ್ತದೆ ಎಂದು. ನಾಳೆ ಅದೇ ಓದುಗನ ತಮ್ಮನನ್ನು ಕಾರ್ಖಾನೆಯ ಗೇಟಿನಿಂದ ಕರೆದೊಯ್ದು ಲಾಕಪ್ಪಿನಲ್ಲಿ ಬಡಿದರೆ ಬೀದಿಯವರು ಏನೆನ್ನುತ್ತಾರೆ? ‘ಏನೋ ಮಾಡಿರಬೇಕು ಬಿಡಿ’ ಎನ್ನುತ್ತಾರೆ. ಆ ಮಾತನ್ನು ಅವರ ಬಾಯಲ್ಲಿಟ್ಟವರಲ್ಲಿ ಕಥೆಗಾರನೂ ಒಬ್ಬ.

ಕಾನೂನು ಹೇಳುವುದೇ ಬೇರೆ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ತರುವಂತಿಲ್ಲ. ಇದು ಬ್ರಿಟಿಷರ ಕಾಲದ 1872ರ ಸಾಕ್ಷ್ಯ ಕಾಯಿದೆಯಲ್ಲೇ 25ನೆಯ ಕಲಮಾಗಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೆಯ ಕಲಮಾಗಿ ಉಳಿದಿದೆ. ಆರೋಪಿ ಹೇಳಿದ ಸುಳಿವಿನಿಂದ ಕದ್ದ ಮಾಲು ಸಿಕ್ಕರೆ, ಆ ಮಾಲಿಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಕೋರ್ಟಿನಲ್ಲಿ ನಿಲ್ಲುತ್ತದೆ. ಅಂದಮೇಲೆ ಕೆಲಸ ಬಲ್ಲ ಇನ್ಸ್‌ಪೆಕ್ಟರು ಹಮಾಲಿಯ ಕೆನ್ನೆಯ ಗೊಡವೆಗೆ ಹೋಗದೆ ಮಾಲಿನ ಜಾಡು ಹಿಡಿಯುತ್ತಾನೆ. ಬೀಗ ಒಡೆದಿದೆಯೋ ಕೀಲಿಯಿಂದ ತೆಗೆದಿದೆಯೋ ನೋಡುತ್ತಾನೆ. ಲೆಕ್ಕದ ಪುಸ್ತಕ ಕೇಳುತ್ತಾನೆ. ಆಗ ಸಾಹುಕಾರನ ಅಳಿಯನ ಮುಖ ಕಪ್ಪಿಟ್ಟರೂ ಇಡಬಹುದು! ಕಥೆಗೂ ರುಚಿ ಬರುವುದು ಅಲ್ಲೇ.

ಮತ್ತೊಂದು ಕಟ್ಟು ಇದೆ. ಬಂಧಿಸಿದವನನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುತ್ತದೆ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕೇ? ಒಂದು ಕಡೆ ಮೇಲಧಿಕಾರಿಯ ಒತ್ತಾಯ, ಒಂದು ಕಡೆ ಊರ ಗೌಡನ ಫೋನು, ಗೋಡೆಯ ಮೇಲೆ ಗಂಟೆ ಓಡುತ್ತಿದೆ, ಬಾಗಿಲಲ್ಲಿ ಆರೋಪಿಯ ತಾಯಿ ಕೂತಿದ್ದಾಳೆ. ಸಬ್ ಇನ್ಸ್‌ಪೆಕ್ಟರು ಏನು ಮಾಡುತ್ತಾನೆ? ಅವನು ಎಂಥ ಮನುಷ್ಯ ಎಂಬುದು ಆಗ ತಿಳಿಯುತ್ತದೆ.

ವಿಶ್ವೇಶ್ವರಯ್ಯ ನಾಲೆಯಲ್ಲಿ ಹೆಣವೊಂದು ತೇಲಿಬಂತೆಂದು ಇಟ್ಟುಕೊಳ್ಳಿ. ಸಿನಿಮಾದಲ್ಲಾದರೆ ಜೀಪು ಬರುತ್ತದೆ, ಟೋಪಿ ತೆಗೆಯುತ್ತಾರೆ, ಅಲ್ಲಿಗೆ ಸರಿ. ನಿಜದಲ್ಲಿ ಹೆಣವನ್ನು ದಡಕ್ಕೆ ಎಳೆಯಬೇಕು. ಇಬ್ಬರು ಪಂಚರನ್ನು ಹುಡುಕಬೇಕು. ಕೋರ್ಟಿಗೆ ಅಲೆಯಬೇಕಲ್ಲಾ ಎಂದು ಊರವರು ಹಿಂದೆ ಸರಿಯುತ್ತಾರೆ. ಪಂಚನಾಮೆ ಬರೆಯಬೇಕು, ಶವಪರೀಕ್ಷೆಗೆ ಸಾಗಿಸಬೇಕು, ಡಾಕ್ಟರು ಬರುವವರೆಗೆ ಪೇದೆ ಹೆಣ ಕಾಯಬೇಕು. ಅಷ್ಟರಲ್ಲಿ ಇದು ಯಾರ ಸರಹದ್ದು ಎಂಬ ಜಗಳ. ಅಪರಾಧದ ದೂರು ತಂದವನನ್ನು ಸರಹದ್ದಿನ ನೆಪದಲ್ಲಿ ತಿರುಗಿ ಕಳಿಸುವಂತಿಲ್ಲವೆಂದು 2024ರಲ್ಲಿ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಹೇಳಿದ್ದು ನಡೆಯುತ್ತದೆಯೇ? ಅದನ್ನು ಬರೆಯಿರಿ.

ಹೆಣ ಕಾಯುವ ಆ ಪೇದೆಯನ್ನು ಮರೆಯಬೇಡಿ. ಅವನು ನಮ್ಮ ನಿಮ್ಮಂಥ ರೈತರ ಮನೆಯ ಮಗ. ಕಾರ್ಖಾನೆಯಲ್ಲಿ ಪಾಳಿ ಮುಗಿದರೆ ಸೀಟಿ ಊದುತ್ತದೆ. ಬಂದೋಬಸ್ತಿಗೆ ನಿಂತವನಿಗೆ ಆ ಸೀಟಿಯಿಲ್ಲ. 1966ರ ಕೇಂದ್ರ ಕಾಯಿದೆಯಿಂದಾಗಿ ಅವನು ನಿಮ್ಮಂತೆ ಕಾರ್ಮಿಕ ಸಂಘ ಸೇರಲಾರ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ಕರ್ನಾಟಕದ ಪೋಲೀಸರು ಹೊರಟಾಗ ಕೇಳಿದ್ದು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆ. ಸರ್ಕಾರ ಅದನ್ನು ಹೇಗೆ ತಡೆಯಿತೆಂಬುದು ನೆನಪಿರಬೇಕು. ಹಾಗೆಂದು ಅವನು ಎತ್ತಿದ ಲಾಠಿಯನ್ನು ಕ್ಷಮಿಸಿರೆಂದು ನಾನು ಹೇಳುವುದಿಲ್ಲ. ಮೇಲಿನಿಂದ ಬೈಸಿಕೊಂಡ ಕೈ ಕೆಳಗಿನವನ ಮೇಲೆ ಹೇಗೆ ಏಳುತ್ತದೆ ಎಂಬುದನ್ನು ಕಂಡು ಬರೆಯಿರಿ ಎನ್ನುತ್ತೇನೆ. ಲಂಚ ತಿನ್ನುವವನನ್ನೂ ಬರೆಯಿರಿ. ಅದರಲ್ಲಿ ಯಾರ ಯಾರ ಪಾಲೆಷ್ಟು ಎಂಬುದನ್ನೂ ಬಿಡಬೇಡಿ.

ಕನ್ನಡದಲ್ಲಿ ದಾರಿ ತೋರಿದವರಿಲ್ಲದೆ ಇಲ್ಲ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಓದಿ. ತನಿಖೆಗೆಂದು ಕೆಸರೂರಿಗೆ ಬರುವ ಅಧಿಕಾರಿ ಅಂಗಡಿ ಶೂರನೂ ಅಲ್ಲ, ದಡ್ಡನೂ ಅಲ್ಲ. ಒಂದು ಸಾವಿನ ಜಾಡು ಹಿಡಿದವನಿಗೆ ಕಾಣುವುದು ಇಡೀ ಊರಿನ ರೋಗ.

ಕೊನೆಗೆ ನಿಮಗೊಂದು ಕೆಲಸ. 1938ರ ಏಪ್ರಿಲ್‌ನಲ್ಲಿ ಇಲ್ಲೇ ಮದ್ದೂರಿನ ಬಳಿ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಏರಿಸಿದರು. ಏರಿಸಿದವರ ಹೆಸರು ನಮಗೆ ಗೊತ್ತು. ಎದುರಿಗೆ ಸರ್ಕಾರದ ಉಡುಪು ತೊಟ್ಟು ನಿಂತಿದ್ದ ಪೇದೆಗಳ ಮನಸ್ಸಿನಲ್ಲಿ ಏನಿತ್ತು? ಗುಂಪಿನಲ್ಲಿ ತನ್ನ ಭಾವನೋ ಅಣ್ಣನೋ ಕಂಡಿದ್ದರೆ ಒಬ್ಬ ಪೇದೆ ಏನು ಮಾಡುತ್ತಿದ್ದ? ಹಳಬರನ್ನು ಕೇಳಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಕೂತು ವಿಚಾರಿಸಿ, ಹಾಗೆಯೇ ಠಾಣೆಯ ಮುಂದಿನ ಟೀ ಅಂಗಡಿಯಲ್ಲೂ ನಾಲ್ಕು ದಿನ ಕೂತು ನೋಡಿ, ಆಮೇಲೆ ಬರೆಯಿರಿ. ಬರೆದದ್ದನ್ನು ಮುಂದಿನ ಸಭೆಗೆ ತನ್ನಿ, ಕೂಡಿ ಓದೋಣ.